ಹತ್ತು ವರ್ಷದ ಮೇಲೆ ಮೂವತ್ತೇಳು ದಿನ

ಬಾರ್ನ್ಸ್ಲಿ ಊರಿನ ಟ್ಯಾನರಿ ಬೀದಿಯಲ್ಲಿ ಯಾರಾದರೂ ಸಮುದ್ರ ದಾಟುವುದೆಂದರೆ ಮೊದಲು ಹದಿನೇಳನೆಯ ನಂಬರಿನ ಮನೆಯ ಬೆಲ್ ಒತ್ತಬೇಕಿತ್ತು. ಹಾಗೆಂದು ಸರ್ಕಾರವೇನೂ ಆಜ್ಞೆ ಹೊರಡಿಸಿರಲಿಲ್ಲ. ಆ ಮನೆಯ ಡೆಸ್ಮಂಡ್ ಹೆಪ್‌ವರ್ತ್ ಅವರನ್ನು ಕೇಳದೆ ಹೊರಟವರಿಗೆ ಕ್ಷೇಮವಿಲ್ಲ ಎಂಬ ನಂಬಿಕೆ ಬೀದಿಯಲ್ಲಿ ಬೇರೂರಿತ್ತು, ಅಷ್ಟೆ. ಆ ನಂಬಿಕೆಯನ್ನು ನೆಟ್ಟು ನೀರೆರೆದವರು ಸ್ವತಃ ಡೆಸ್ಮಂಡರೇ ಎಂಬುದು ಬೇರೆ ಮಾತು.

ಡೆಸ್ಮಂಡರು ಮೂವತ್ತೊಂದು ವರ್ಷ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಟಿಕೆಟ್ ಇಲ್ಲದ ಮನುಷ್ಯನನ್ನು ಬೆನ್ನು ನೋಡಿಯೇ ಗುರುತಿಸುತ್ತಿದ್ದರು. ಸೇವೆಯಲ್ಲಿದ್ದಾಗ ಒಮ್ಮೆ ಸ್ವಂತ ಅತ್ತೆಯನ್ನೇ ಬಸ್ಸಿನಿಂದ ಇಳಿಸಿದ್ದರು. ಆ ಮಹಾತಾಯಿ ಬದುಕಿರುವ ತನಕ ಅಳಿಯನ ಮನೆಯಲ್ಲಿ ಒಂದು ಲೋಟ ಚಹಾ ಕುಡಿಯಲಿಲ್ಲ.

ಅವರ ವಿದ್ವತ್ತು ಎಂಥದ್ದೆಂದು ತಿಳಿಯಬೇಕಾದರೆ ಆ ವರ್ಷದ ಜುಲೈ ತಿಂಗಳಲ್ಲಿ ನಡೆದದ್ದನ್ನು ಹೇಳಬೇಕು. ಪಕ್ಕದ ಮನೆಯ ಟ್ರೆವರ್ ಸ್ಪೇನಿಗೆ ಹೊರಟಿದ್ದ. ಪದ್ಧತಿಯಂತೆ ತನ್ನ ಪಾಸ್‌ಪೋರ್ಟನ್ನು ತಂದು ಡೆಸ್ಮಂಡರ ಅಡುಗೆಮನೆಯ ಮೇಜಿನ ಮೇಲಿಟ್ಟು, ಹೆಂಡತಿ ಶೀಲಾಳೊಡನೆ ಕೈಕಟ್ಟಿ ನಿಂತ.

"ಫೆಬ್ರವರಿವರೆಗೂ ಇದೆ, ಡೆಸ್. ಇನ್ನೂ ಏಳು ತಿಂಗಳು ಬಾಕಿ," ಎಂದ ಧೈರ್ಯವಾಗಿ.

ಡೆಸ್ಮಂಡರು ಕನ್ನಡಕದ ಮೇಲಿಂದ ಅವನನ್ನು ನೋಡಿದರು. "ಮುಗಿಯೋ ದಿನಾನ ಯಾವ ಪೆದ್ದನಾದ್ರೂ ನೋಡ್ತಾನೆ, ಟ್ರೆವರ್. ಕೊಟ್ಟ ದಿನ ನೋಡು."

"ಕೊಟ್ಟ ದಿನ ಯಾಕೆ?"

"ಯಾಕೆ ಅಂತೆ! ನೀನು ಹಳೇದು ಮುಗಿಯೋಕೆ ಮುಂಚೇನೇ ಹೊಸದು ಮಾಡಿಸ್ಕೊಂಡೆ. ಹೌದಾ? ಹಳೇದರಲ್ಲಿ ಉಳಿದಿದ್ದ ಎಂಟು ತಿಂಗಳನ್ನ ಇದಕ್ಕೆ ಸೇರಿಸಿ ಕೊಟ್ರು. ಹೌದಾ? ನಾವು ಯೂರೋಪಿನ ಒಕ್ಕೂಟ ಬಿಟ್ಟ ಮೇಲೆ ಆ ಮೇಲಿಂದ ಅಂಟಿಸಿದ ತಿಂಗಳುಗಳನ್ನ ಆಚೆಯೋರು ಒಪ್ಪಲ್ಲ ಕಣಯ್ಯಾ. ಕೊಟ್ಟ ದಿನದಿಂದ ಹತ್ತು ವರ್ಷ. ಅದರ ಮೇಲೆ ಒಂದು ದಿನ ಆಯ್ತೋ, ಇದು ಬರೀ ಪುಸ್ತಕ. ಮಂಚದ ಕಾಲಿಗೆ ಇಟ್ಕೋ."

ಟ್ರೆವರ್ ಕೊಟ್ಟ ದಿನ ನೋಡಿದ. ಹತ್ತು ವರ್ಷ ಆಗಿ ಮೂರು ವಾರವಾಗಿತ್ತು. ಶೀಲಾ ಕುರ್ಚಿ ಹಿಡಿದುಕೊಂಡಳು. "ಅಯ್ಯೋ ದೇವ್ರೇ! ನೀವಿಲ್ದಿದ್ರೆ ಏರ್‌ಪೋರ್ಟಲ್ಲಿ ಮಾನ ಹೋಗ್ತಿತ್ತು!" ಎಂದು ನಿಜವಾಗಿಯೂ ಕಣ್ಣೊರೆಸಿಕೊಂಡಳು. ಟ್ರೆವರ್ ಹೊಸ ಪಾಸ್‌ಪೋರ್ಟ್ ಮಾಡಿಸಿ, ಸ್ಪೇನಿಗೆ ಹೋಗಿ, ಮೈ ಸುಟ್ಟುಕೊಂಡು ಬಂದ. ಬರುವಾಗ ಡೆಸ್ಮಂಡರಿಗೆ ಒಂದು ಬಾಟಲಿ ದ್ರಾಕ್ಷಾರಸ ತಂದುಕೊಟ್ಟ. ಟ್ಯಾನರಿ ಬೀದಿಯ ಬೆರಗಿಗೆ ಪಾರವಿರಲಿಲ್ಲ.

ಈ ವಿದ್ಯೆ ಸುಮ್ಮನೆ ಒಲಿದದ್ದಲ್ಲ. ಅದರ ಹಿಂದೆ ಒಂದು ಪೆಟ್ಟಿತ್ತು. ಎರಡು ವರ್ಷದ ಹಿಂದೆ, ಮಹಾಮಾರಿಯ ಕಾಲದಲ್ಲಿ, ಅವರ ಒಬ್ಬಳೇ ಮಗಳು ಲಿಂಡ್ಸೆ ಮಾಲ್ಟಾ ದೇಶದ ಗೊಜೊ ದ್ವೀಪದ ಸಾಲ್ವು ಎಂಬ ಮೀನುಗಾರನನ್ನು ಅಲ್ಲಿಯೇ ಮದುವೆಯಾದಳು. ಆಗ ಒಳಗೆ ಬಿಡಬೇಕಾದರೆ ಎರಡನೆಯ ಚುಚ್ಚುಮದ್ದಾಗಿ ಹದಿನಾಲ್ಕು ದಿನ ಕಳೆದಿರಬೇಕಿತ್ತು. ಸೂಜಿಗೆ ಹೆದರಿ ಮುಂದೂಡುತ್ತ ಬಂದಿದ್ದ ಡೆಸ್ಮಂಡರಿಗೆ ಆಗಿದ್ದದ್ದು ಹದಿಮೂರು. ಹೆಂಡತಿ ಮಾರಿನ್ ಒಬ್ಬಳೇ ಹೋಗಿ, ತಂದೆ ಹಿಡಿಯಬೇಕಿದ್ದ ಮಗಳ ಕೈಯನ್ನು ತಾನು ಹಿಡಿದು ಚರ್ಚಿನೊಳಗೆ ಕರೆದೊಯ್ದಳು. ಅಂದಿನಿಂದ ಡೆಸ್ಮಂಡರು ಪ್ರವೇಶದ ನಿಯಮಗಳನ್ನು ಹಗಲಿರುಳು ಓದತೊಡಗಿದರು. ಲಿಂಡ್ಸೆ ಅವರ ಜೊತೆ ಹವಾಮಾನದ ವಿಷಯ ಬಿಟ್ಟು ಬೇರೇನೂ ಮಾತಾಡುತ್ತಿರಲಿಲ್ಲ.

ಈಗ ಲಿಂಡ್ಸೆಗೆ ಮಗು ಹುಟ್ಟಿತ್ತು. ಸೆಪ್ಟೆಂಬರ್ ಇಪ್ಪತ್ನಾಲ್ಕರ ಭಾನುವಾರ ಮಧ್ಯಾಹ್ನ ಮೂರಕ್ಕೆ ಗೊಜೊದ ನದೂರ್ ಎಂಬ ಊರಿನ ಚರ್ಚಿನಲ್ಲಿ ಅದಕ್ಕೆ ಜ್ಞಾನಸ್ನಾನ. ಲಿಂಡ್ಸೆ ಫೋನಿನಲ್ಲಿ ತಾಯಿಗೆ ಹೇಳಿದಳು: "ಅಪ್ಪನಿಗೆ ಹೇಳಮ್ಮ. ಈ ಸಲಾನೂ ಬರೋಕೆ ಆಗ್ಲಿಲ್ಲ ಅಂದ್ರೆ, ಪರವಾಗಿಲ್ಲ. ಆದ್ರೆ ಆಮೇಲೆ ಬರೋ ತೊಂದ್ರೇನ ತಗೋಬೇಡ ಅನ್ನು."

ಪಕ್ಕದಲ್ಲೇ ನಿಂತಿದ್ದ ಡೆಸ್ಮಂಡರಿಗೆ ಅದು ಪೂರ್ತಿ ಕೇಳಿಸಿತು. ಅಂದೇ ಒಂದು ದಪ್ಪ ಫೈಲು ಕೊಂಡುತಂದರು.

ಆ ಫೈಲಿನಲ್ಲಿ ನಲವತ್ತೊಂದು ಕಾಗದಗಳಿದ್ದವು. ಹಿಂತಿರುಗುವ ವಿಮಾನದ ಟಿಕೆಟ್ ಮೂರು ಪ್ರತಿ. ಪ್ರಯಾಣದ ವಿಮೆ, ಆಸ್ಪತ್ರೆ ಕಾರ್ಡಿನ ನಕಲು, ಆರು ತಿಂಗಳ ಬ್ಯಾಂಕಿನ ಚೀಟಿ. ಅಳಿಯ ಸಹಿ ಹಾಕಿದ ಆಹ್ವಾನ ಪತ್ರ. ತಾವು ಮಲಗಲಿರುವ ಮಂಚದ ಫೋಟೋವನ್ನೂ ಸಾಲ್ವು ಹತ್ತಿರ ತರಿಸಿಕೊಂಡಿದ್ದರು. "ಎಲ್ಲಿ ಉಳ್ಕೋತೀರಿ ಅಂತ ಕೇಳ್ತಾರೆ. ಕೇಳಿದ್ರೆ ತೋರಿಸೋಕೆ ಬೇಡ್ವಾ?" ಎಂದರು. ಮಾರಿನ್ ಬಟ್ಟೆ ಮಡಚುತ್ತಿದ್ದರೆ ಅವರು ಪಾಠ ಹೇಳುತ್ತಿದ್ದರು. "ಅಲ್ಲಿ ಪ್ಲಗ್ಗು ನಮ್ಮದೇ ಮೂರು ಕಾಲಿಂದು. ಗಾಡಿ ಓಡಿಸೋದು ನಮ್ಮ ಹಾಗೇ ಎಡಗಡೆ. ನೂರ ಎಂಬತ್ತು ದಿನದಲ್ಲಿ ತೊಂಬತ್ತು ದಿನ ಮಾತ್ರ ಇರಬಹುದು."

"ನಾವಿರೋದು ಎಂಟು ದಿನ, ಡೆಸ್."

"ಗೊತ್ತಿರಲಿ ಅಂತ ಹೇಳ್ದೆ."

ಸೆಪ್ಟೆಂಬರ್ ಇಪ್ಪತ್ತರ ಬುಧವಾರ ಬೆಳಗ್ಗೆ ಟ್ರೆವರ್ ತನ್ನ ಕಾರಿನಲ್ಲಿ ಇಬ್ಬರನ್ನೂ ವಿಮಾನ ನಿಲ್ದಾಣಕ್ಕೆ ತಂದುಬಿಟ್ಟ. ಗುರುಗಳು ಹೊರಡುವುದನ್ನು ಕಣ್ಣಾರೆ ನೋಡಬೇಕೆಂದು ಪೆಟ್ಟಿಗೆ ಹಿಡಿದು ಕೌಂಟರಿನ ತನಕವೂ ಬಂದ. ಅಲ್ಲಿದ್ದ ಹುಡುಗಿ ಮಾರಿನಳ ಪಾಸ್‌ಪೋರ್ಟ್ ನೋಡಿ ನಕ್ಕು ಹಿಂತಿರುಗಿಸಿದಳು. ಡೆಸ್ಮಂಡರದ್ದನ್ನು ನೋಡಿದಳು. ಮತ್ತೊಮ್ಮೆ ನೋಡಿದಳು. ಬೆರಳು ಮಡಚಿ ಏನೋ ಲೆಕ್ಕ ಹಾಕಿದಳು.

"ಇದರಲ್ಲಿ ಹೋಗೋಕಾಗಲ್ಲ ಸರ್."

ಡೆಸ್ಮಂಡರು ಮಗುವಿನ ತಪ್ಪನ್ನು ಕ್ಷಮಿಸುವವರಂತೆ ನಕ್ಕರು. "ಮುಂದಿನ ಮೇವರೆಗೂ ಇದೆಯಮ್ಮ. ನೋಡು."

"ಮುಗಿಯೋ ದಿನ ಅಲ್ಲ ಸರ್..."

"...ಕೊಟ್ಟ ದಿನ," ಎಂದು ಹಿಂದಿನಿಂದ ಟ್ರೆವರ್ ವಾಕ್ಯ ಪೂರ್ತಿ ಮಾಡಿದ. ಬೇಕೆಂದು ಅಂದದ್ದಲ್ಲ, ಬಾಯಿಪಾಠವಾಗಿದ್ದದ್ದು ತಾನಾಗಿ ಬಂತು. ಅಂದ ಮೇಲೆ ಅವನೇ ಬಾಯಿಗೆ ಕೈ ಅಡ್ಡ ಹಿಡಿದ.

ಎರಡು ಸಾವಿರದ ಹದಿಮೂರರ ಆಗಸ್ಟ್ ಹದಿನಾಲ್ಕು. ಹತ್ತು ವರ್ಷದ ಮೇಲೆ ಮೂವತ್ತೇಳು ದಿನ. ಶಿಸ್ತಿನ ಮನುಷ್ಯರಾದ ಡೆಸ್ಮಂಡರು ಹಳೆಯದು ಮುಗಿಯಲು ಒಂಬತ್ತು ತಿಂಗಳಿರುವಾಗಲೇ ಹೊಸದನ್ನು ಮಾಡಿಸಿಕೊಂಡಿದ್ದರು. ಮಾಡಿಸಿದವರು ಬಿಸ್ಕತ್ತಿನ ಡಬ್ಬಿಯಲ್ಲಿ ಭದ್ರವಾಗಿಟ್ಟು, ಬೀದಿಯವರ ಪಾಸ್‌ಪೋರ್ಟುಗಳನ್ನೆಲ್ಲ ಭೂತಗನ್ನಡಿ ಹಿಡಿದು ನೋಡಿದರೇ ಹೊರತು ಇದನ್ನು ತೆಗೆದು ನೋಡಲಿಲ್ಲ. ತಮ್ಮ ತಟ್ಟೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಬೇರೆಯವರ ತಟ್ಟೆಯ ನೊಣ ಓಡಿಸುವುದು ಎಂದರೆ ಇದೇ. ಡೆಸ್ಮಂಡರಿಗೆ ಮೊದಲು ಬಂದದ್ದು ಸಿಟ್ಟಲ್ಲ, ಬೆರಗು. ಇಪ್ಪತ್ತೆರಡು ವರ್ಷದ ಹುಡುಗಿ ಒಂದೇ ನೋಟಕ್ಕೆ ಹಿಡಿದುಬಿಟ್ಟಳಲ್ಲ! ಟಿಕೆಟ್ ತಪಾಸಣೆಗೆ ಹೇಳಿ ಮಾಡಿಸಿದ ಕಣ್ಣು ಎಂದು ಆ ಹೊತ್ತಿನಲ್ಲೂ ಮೆಚ್ಚಿಕೊಂಡರು.

ಮಾರಿನ್ ತನ್ನ ಪೆಟ್ಟಿಗೆಯನ್ನು ತೂಕಕ್ಕೆ ಎತ್ತಿಟ್ಟಳು.

"ಒಬ್ಬಳೇ ಹೋಗ್ತೀಯಾ?" ಎಂದರು ಡೆಸ್ಮಂಡರು.

"ಹೋದ ಸಲಾನೇ ಅಭ್ಯಾಸ ಆಗಿದೆ," ಎಂದಳು ಮಾರಿನ್. ಎರಡು ಹೆಜ್ಜೆ ಹೋದವಳು ತಿರುಗಿ ನಿಂತಳು. "ಡೆಸ್, ನಾನು ಅವಳಿಗೆ ಏನೂ ಹೇಳಲ್ಲ. ಅಪ್ಪ ಬರ್ತಾನೆ ಅಂತಷ್ಟೇ ಹೇಳ್ತೀನಿ. ಭಾನುವಾರ ಮೂರು ಗಂಟೆಗೆ ನನ್ನನ್ನ ಸುಳ್ಳಿ ಮಾಡ್ಬೇಡ."

ಬೀದಿಗೆ ವಾಪಸಾದಾಗ ಹನ್ನೊಂದು ಗಂಟೆ. ಪೆಟ್ಟಿಗೆಯ ಗಾಲಿಯ ಸದ್ದಿಗೆ ಒಂದೊಂದಾಗಿ ಪರದೆಗಳು ಸರಿದವು. ಹತ್ತು ನಿಮಿಷದಲ್ಲಿ ಅದೇ ಅಡುಗೆಮನೆಯ ಮೇಜಿನ ಸುತ್ತ ಆರು ಜನ ಸೇರಿದರು. ಈ ಸಲ ಪಾಸ್‌ಪೋರ್ಟ್ ಡೆಸ್ಮಂಡರದ್ದು, ಭೂತಗನ್ನಡಿ ಶೀಲಾಳ ಕೈಯಲ್ಲಿ.

"ಮೂವತ್ತೇಳು ದಿನ!" ಎಂದಳು ಶೀಲಾ. "ನಮ್ಮದು ಮೂರೇ ವಾರ ಆಗಿತ್ತು, ಅದಕ್ಕೇ ಮಂಚದ ಕಾಲಿಗೆ ಇಟ್ಕೋ ಅಂದ್ರಿ."

"ಸುಮ್ನಿರೇ," ಎಂದ ಟ್ರೆವರ್. "ಡೆಸ್, ಅವಸರದವರಿಗೆ ಅಂತ ಒಂದು ದಾರಿ ಇದೆಯಂತಲ್ಲ? ಹೋಗಿ ಕೂತ್ರೆ ಅಲ್ಲೇ ಕೈಗೆ ಕೊಡ್ತಾರಂತೆ."

"ಇದೆ," ಎಂದರು ಡೆಸ್ಮಂಡರು ಬಾವಿಯ ತಳದಿಂದ ಬಂದಂಥ ದನಿಯಲ್ಲಿ. "ಆದ್ರೆ ಅರ್ಜಿ ಹಾಕಿ ಎರಡು ದಿನ ಆಗ್ಬೇಕು. ಶುಕ್ರವಾರ."

"ಮತ್ತೆ ಕೂತಿದ್ದೀಯ ಯಾಕೆ?"

ಇಡೀ ಬೀದಿ ಡೆಸ್ಮಂಡರನ್ನು ಕೈಗೆತ್ತಿಕೊಂಡಿತು. ಫೋಟೋ ತೆಗೆಯಲು ಗೋಡೆಗೆ ಬಿಳಿಯ ಹಾಸಿಗೆ ಬಟ್ಟೆ ಕಟ್ಟಿದರು. ನಗಬಾರದೆಂದು ನಿಯಮ. ಅಂದು ಡೆಸ್ಮಂಡರಿಗೆ ಆ ಅಪಾಯವಿರಲಿಲ್ಲ. ಆದರೆ ಕಂಪ್ಯೂಟರ್ ನಾಲ್ಕು ಸಲ ಫೋಟೋವನ್ನು ತಿರಸ್ಕರಿಸಿ, ಮುಖ ಸಹಜವಾಗಿಲ್ಲ ಎಂದಿತು. "ಸ್ವಲ್ಪ ಕಡಿಮೆ ಸಂಕಟ ಪಡು ಮಾರಾಯ," ಎಂದು ಟ್ರೆವರ್ ಬೇಡಿಕೊಂಡ. ಐದನೆಯ ಸಲಕ್ಕೆ ಒಪ್ಪಿಗೆಯಾಯಿತು.

ಶುಕ್ರವಾರ ಟ್ರೆವರ್ ಜೊತೆಯಲ್ಲೇ ಡರ್ಹಮ್ ಊರಿನ ಕಚೇರಿಗೆ ಹೋದರು. ಮಲಗಲು ಬೇಕಾದೀತೆಂದು ಶೀಲಾ ಒಂದು ಕಂಬಳಿಯನ್ನೂ ರೊಟ್ಟಿಯ ಪೊಟ್ಟಣವನ್ನೂ ಕೊಟ್ಟಿದ್ದಳು. ಕಿಟಕಿಯ ಹಿಂದಿದ್ದ ಹೆಂಗಸು ಹಳೆಯದನ್ನು ತೆಗೆದುಕೊಂಡು, ಎರಡು ಪ್ರಶ್ನೆ ಕೇಳಿ, ಒಳಗೆ ಹೋಗಿ ಬಂದು, ಹೊಸದನ್ನು ಕೈಗಿಟ್ಟಳು. ಇಪ್ಪತ್ತೆರಡು ನಿಮಿಷ. ಡೆಸ್ಮಂಡರು ಹೊರಗೆ ಬಂದು ಕಲ್ಲುಬೆಂಚಿನ ಮೇಲೆ ಕುಳಿತರು. ಕಡುನೀಲಿ ಹೊದಿಕೆ, ಮೇಲೆ ಚಿನ್ನದ ಸಿಂಹ, ಒಳಗೆ ಒಂದು ಮುದ್ರೆಯೂ ಬೀಳದ ಹಾಳೆಗಳು. ಕೊಟ್ಟ ದಿನ: ಇಂದು. ಅದನ್ನು ಓದಿ ಅವರಿಗೆ ಕಣ್ಣು ತುಂಬಿ ಬಂತು. ಟ್ರೆವರ್ ರೊಟ್ಟಿಯ ಪೊಟ್ಟಣ ಬಿಚ್ಚಿದ.

ಸಿಕ್ಕ ವಿಮಾನ ಭಾನುವಾರ ಬೆಳಗಿನ ಜಾವದ್ದು. ಮಾಲ್ಟಾದಲ್ಲಿ ಇಳಿದಾಗ ಹನ್ನೊಂದಾಗಿತ್ತು. ಇತರ ದೇಶದವರು ಎಂಬ ಬೋರ್ಡಿನ ಕೆಳಗೆ ಸಾಲಿನಲ್ಲಿ ನಿಂತ ಡೆಸ್ಮಂಡರು ಫೈಲನ್ನು ಎದೆಗವಚಿಕೊಂಡು ನಲವತ್ತೊಂದು ಉತ್ತರಗಳನ್ನು ಮನಸ್ಸಿನಲ್ಲೇ ಒಪ್ಪಿಸುತ್ತಿದ್ದರು. ಅಧಿಕಾರಿ ದಪ್ಪ ಮೀಸೆಯ ಮನುಷ್ಯ.

"ಹೆಸರು?"

"ಹೆಪ್‌ವರ್ತ್, ಡೆಸ್ಮಂಡ್ ಆರ್ಥರ್!"

"ಎಷ್ಟು ದಿನ?"

"ಗುರುವಾರದವರೆಗೆ. ತೊಂಬತ್ತು ದಿನದ ಮಿತಿ ದಾಟಲ್ಲ. ಇದು ವಾಪಸ್ ಹೋಗೋ ಟಿಕೆಟ್, ಇದು ವಿಮೆ..."

ಠಪ್ ಎಂದು ಮುದ್ರೆ ಬಿತ್ತು. "ಮುಂದಿನವರು."

ಡೆಸ್ಮಂಡರು ಕದಲಲಿಲ್ಲ. "ಇಷ್ಟೇನಾ? ಮಂಚ ನೋಡಲ್ವಾ?"

"ಯಾವ ಮಂಚ?"

"ನಾನು ಮಲಗೋದು. ಫೋಟೋ ಇದೆ."

ಅಧಿಕಾರಿ ಫೋಟೋ ನೋಡಿದ. ಎರಡು ಕಡೆಯೂ ತಿರುಗಿಸಿ ನೋಡಿದ. "ಒಳ್ಳೇ ಮಂಚ," ಎಂದು ಗಂಭೀರವಾಗಿ ಹಿಂತಿರುಗಿಸಿದ. "ಏನಕ್ಕೆ ಬಂದಿರೋದು?"

"ಮೊಮ್ಮಗನ ಜ್ಞಾನಸ್ನಾನ. ಗೊಜೊದಲ್ಲಿ. ಮೂರು ಗಂಟೆಗೆ."

"ಮೂರು ಗಂಟೆಗಾ? ಹಾಗಾದ್ರೆ ಇಲ್ಲಿ ನಿಂತ್ಕೊಂಡು ನನಗೆ ಮಂಚ ತೋರಿಸ್ತಿದ್ದೀರಲ್ಲ ಅಜ್ಜ! ಓಡಿ!"

ಬಸ್ಸು ಹಿಡಿದು ಹಡಗುಕಟ್ಟೆ ತಲುಪುವಾಗ ಒಂದು ಗಂಟೆ. ಗೊಜೊಗೆ ಹೋಗುವ ಹಡಗು ಬಾಯಿ ತೆರೆದು ನಿಂತಿತ್ತು. ಲಾರಿ, ಕಾರು, ಜನ ಎಲ್ಲ ಒಳಗೆ ಹೋಗುತ್ತಿದ್ದರು. ಹಳದಿ ಅಂಗಿ ತೊಟ್ಟವನೊಬ್ಬ ಕೈಬೀಸಿ ಕರೆದ.

"ಟಿಕೆಟ್ ಎಲ್ಲಿ ಕೊಡ್ತಾರೆ?" ಎಂದು ಕೇಳಿದರು ಡೆಸ್ಮಂಡರು.

"ಬೇಡ."

"ಬೇಡ ಅಂದ್ರೆ?"

"ಬೇಡ ಅಂದ್ರೆ ಬೇಡ. ಹತ್ತಿ, ಹತ್ತಿ."

ಮೂವತ್ತೊಂದು ವರ್ಷದ ಅನುಭವ ಡೆಸ್ಮಂಡರನ್ನು ಎಚ್ಚರಿಸಿತು. ಈ ಆಟ ಅವರಿಗೆ ಗೊತ್ತಿಲ್ಲದ್ದೇ? ಜನರನ್ನು ಆರಾಮಾಗಿ ಹತ್ತಿಸಿಕೊಂಡು, ಮೂರನೆಯ ನಿಲ್ದಾಣದಲ್ಲಿ ಗಪ್ಪೆಂದು ಹಿಡಿಯುವುದು! ಎಷ್ಟು ಮಂದಿಯನ್ನು ತಾವೇ ಹಾಗೆ ಹಿಡಿದಿಲ್ಲ! ಅವರು ಹಿಂದೆ ಸರಿದರು. ಹಡಗು ಬಾಯಿ ಮುಚ್ಚಿ ಹೊರಟುಹೋಯಿತು.

ಕಟ್ಟಡಕ್ಕೆ ಎರಡು ಸುತ್ತು ಹಾಕಿದರು. ಕಾಫಿ ಮಾರುವವಳನ್ನು ಕೇಳಿದರು. "ಈ ಕಡೆ ಕೊಡಲ್ಲ," ಎಂದಳು. ಆ ಕಡೆ ಹೋಗಿ ನೋಡಿದರು, ಅಲ್ಲಿ ಶೌಚಾಲಯವಿತ್ತು. ಎರಡನೆಯ ಹಡಗು ಬಂದು, ತುಂಬಿಕೊಂಡು, ಹೋಯಿತು. ಎದುರಿಗೆ, ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ, ಗೊಜೊ ಬಿಸಿಲಿನಲ್ಲಿ ಮಲಗಿತ್ತು. ಅಷ್ಟರಲ್ಲಿ ಮಾರಿನಳ ಫೋನ್ ಬಂತು.

"ಎಲ್ಲಿದ್ದೀಯ? ಎರಡು ಗಂಟೆ ಆಗ್ತಾ ಬಂತು!"

"ಟಿಕೆಟ್ ಸಿಗ್ತಿಲ್ಲ ಮಾರಿನ್. ಯಾರೂ ಕೊಡ್ತಿಲ್ಲ. ಇವರು ಏನೋ ಮುಚ್ಚಿಡ್ತಿದ್ದಾರೆ."

"ಡೆಸ್, ಹಡಗು ಕಾಣಿಸ್ತಿದ್ಯಾ?"

"ಮೂರನೇದು ಬರ್ತಿದೆ."

"ಕಾಲಿದ್ಯಾ ನಿನಗೆ?"

"ಇದೆ."

"ಮತ್ತೆ ಹತ್ತು!" ಎಂದು ಫೋನ್ ಇಟ್ಟಳು.

ಹತ್ತಬೇಕು ಎಂದು ಮನಸ್ಸು ಹೇಳುತ್ತಿತ್ತು. ಕಾಲು ಕೇಳುತ್ತಿರಲಿಲ್ಲ. ಇಡೀ ಆಯುಸ್ಸಿನಲ್ಲಿ ಟಿಕೆಟ್ ಇಲ್ಲದೆ ಒಂದು ಹೆಜ್ಜೆ ಇಟ್ಟ ಕಾಲಲ್ಲ ಅದು. ಪಕ್ಕದಲ್ಲಿ ಒಬ್ಬಳು ಮುದುಕಿ ಟೊಮೇಟೊ ತುಂಬಿದ ಎರಡು ಬುಟ್ಟಿ ಇಟ್ಟುಕೊಂಡು ಇವರನ್ನೇ ನೋಡುತ್ತಿದ್ದಳು.

"ಏನಪ್ಪಾ, ಕಂಬದ ಹಾಗೆ ನಿಂತಿದ್ದೀಯ? ಎರಡು ಹಡಗು ಬಿಟ್ಟೆ."

ಡೆಸ್ಮಂಡರು ಹೇಳಿಕೊಂಡರು. ಮುದುಕಿ ಸೊಂಟ ಹಿಡಿದುಕೊಂಡು ನಕ್ಕಳು. "ಗೊಜೊಗೆ ಹೋಗೋರ ಹತ್ರ ಏನೂ ಕೇಳಲ್ಲ ಕಣಪ್ಪ. ವಾಪಸ್ ಬರೋವಾಗ ಕೊಟ್ರಾಯ್ತು."

"ವಾಪಸ್ ಬರದೇ ಇದ್ರೆ?"

"ಬರದೇ ಇದ್ರೆ ನಮ್ಮವನೇ ಆದ್ಯಲ್ಲ! ನಮ್ಮವರ ಹತ್ರ ಏನು ಕೇಳೋದು?"

ಡೆಸ್ಮಂಡರು ಎಷ್ಟೊಂದು ದೇಶಗಳ ನಿಯಮ ಓದಿದ್ದರು, ಇಂಥದ್ದೊಂದು ನಿಯಮ ಲೋಕದಲ್ಲಿದೆಯೆಂದು ಯಾವ ಪುಟದಲ್ಲೂ ಕಂಡಿರಲಿಲ್ಲ. ಒಂದು ಇಡೀ ದ್ವೀಪ, ಬಂದವರನ್ನೆಲ್ಲ ನಂಬಿ ಕೂತಿದೆ! ಮುದುಕಿಗೆ ಅವರ ಬೆರಗಿನಿಂದ ಆಗಬೇಕಾದದ್ದೇನೂ ಇರಲಿಲ್ಲ. "ಹಿಡ್ಕೋ ಇದನ್ನ," ಎಂದು ದೊಡ್ಡ ಬುಟ್ಟಿಯನ್ನು ಅವರ ಕೈಗೆ ಹೇರಿ, ಬೆನ್ನಿಗೆ ಕೈಯಿಟ್ಟು ಹಡಗಿನೊಳಕ್ಕೆ ತಳ್ಳಿದಳು.

ಇಪ್ಪತ್ತೈದು ನಿಮಿಷದ ದಾರಿ. ಮೊದಲ ಹತ್ತು ನಿಮಿಷ ಅವರು ತಪಾಸಣೆಯವನಿಗೆ ಹೆದರಿ ಒಂದು ಲಾರಿಯ ಹಿಂದೆ ಅಡಗಿದ್ದರು. ಯಾರೂ ಬರಲಿಲ್ಲ. ಮೆಲ್ಲಗೆ ಮೇಲೆ ಬಂದರು. ನೀಲಿಯೆಂದರೆ ನೀಲಿ ನೀರು, ಗುಡ್ಡದ ಮೇಲೆ ಜೇನುಬಣ್ಣದ ಕಲ್ಲಿನ ಚರ್ಚು, ಅದರ ಗುಮ್ಮಟ. ಅಲ್ಲಿ ಲಿಂಡ್ಸೆ ಇದ್ದಾಳೆ ಎಂದುಕೊಂಡರು.

ಆಚೆ ದಡದಲ್ಲಿ ಮುದುಕಿಯ ಅಳಿಯ ತರಕಾರಿ ವ್ಯಾನು ತಂದಿದ್ದ. ಟೊಮೇಟೊಗಳ ನಡುವೆ ಕೂರಿಸಿಕೊಂಡು ಗುಡ್ಡ ಹತ್ತಿಸಿ ನದೂರಿನ ಚರ್ಚಿನ ಮುಂದೆ ಇಳಿಸಿದ. ಗಂಟೆ ಮೂರು ಬಾರಿಸುತ್ತಿತ್ತು.

ಅಲ್ಲಿಯ ಕ್ರಮದಂತೆ ಮಗುವನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡು ಕೇಳಬೇಕಾದದ್ದನ್ನು ಕೇಳಿ ಒಳಗೆ ಕರೆದುಕೊಳ್ಳುತ್ತಾರೆ. ಇಂಗ್ಲಿಷರ ಕಡೆಯವರಿಗೂ ತಿಳಿಯಲೆಂದು ಪಾದ್ರಿಗಳು ಅಂದು ಇಂಗ್ಲಿಷಿನಲ್ಲೇ ನಡೆಸುತ್ತಿದ್ದರು. ಓಡೋಡಿ ಮೆಟ್ಟಿಲು ಹತ್ತಿದ ಡೆಸ್ಮಂಡರಿಗೆ ಬೆವರಿನ ಕಣ್ಣಿಗೆ ಕಂಡದ್ದು ಇಷ್ಟು: ಒಂದು ಬಾಗಿಲು, ಮುಂದೆ ಜನರ ಸಾಲು, ಆ ತುದಿಯಲ್ಲಿ ಪುಸ್ತಕ ಹಿಡಿದು ನಿಂತ ನಿಲುವಂಗಿಯವರೊಬ್ಬರು.

"ಹೆಸರೇನು?" ಎಂದು ಕೇಳಿದರು ಪಾದ್ರಿಗಳು.

"ಹೆಪ್‌ವರ್ತ್, ಡೆಸ್ಮಂಡ್ ಆರ್ಥರ್!" ಎಂದು ಹಿಂದಿನಿಂದ ಗುಡುಗಿತು. "ಬಾರ್ನ್ಸ್ಲಿಯಿಂದ! ಗುರುವಾರದವರೆಗೆ!"

ಚರ್ಚಿಗೆ ಚರ್ಚೇ ತಿರುಗಿತು. ಮಾರಿನ್ ಕಣ್ಣು ಮುಚ್ಚಿಕೊಂಡಳು. ಸಾಲ್ವು ನಗು ತಡೆಯಲಾರದೆ ಕಂಬದ ಹಿಂದೆ ಸರಿದ. ಅವನ ತಾಯಿ ಜೊವಾನ್ನಾ ಶಿಲುಬೆಯ ಗುರುತು ಮಾಡಿಕೊಂಡಳು. ಲಿಂಡ್ಸೆ ಮಾತ್ರ ನಗಲಿಲ್ಲ. ಹೊರಬಂದ ಅಂಗಿ, ಎದೆಯ ಮೇಲೆ ಟೊಮೇಟೊ ರಸ, ಏದುಸಿರು, ಇದನ್ನೆಲ್ಲ ಬಹಳ ಹೊತ್ತು ನೋಡಿದಳು. ಅವಳ ಗಲ್ಲ ಅದುರಿತು.

"ನಾನು ಕೇಳಿದ್ದು ಮಗುವಿನ ಹೆಸರು," ಎಂದರು ಪಾದ್ರಿಗಳು ಮೃದುವಾಗಿ.

"ಲೂಕಾ ಕಾರ್ಮೆಲೊ," ಎಂದಳು ಜೊವಾನ್ನಾ. ಅದು ನಾಲ್ಕು ತಿಂಗಳ ಹಿಂದೆಯೇ ತೀರ್ಮಾನವಾಗಿದ್ದದ್ದು.

"ಲೂಕಾ ಕಾರ್ಮೆಲೊ ಡೆಸ್ಮಂಡ್, ಫಾದರ್," ಎಂದಳು ಲಿಂಡ್ಸೆ.

"ಏನಮ್ಮಾ ಇದು? ಕೇಕಿನ ಮೇಲೆ ಹಾಗೆ ಬರ್ಸಿಲ್ವಲ್ಲ!"

"ಈಗ ತಾನೇ ಸೇರಿಸ್ದೆ ಅತ್ತೆ. ಕೇಕಿನ ಮೇಲೆ ಜಾಗ ಇಲ್ದಿದ್ರೆ ಬೇಡ. ಪುಸ್ತಕದಲ್ಲಿ ಜಾಗ ಇದೆಯಾ, ಫಾದರ್?"

"ಧಾರಾಳವಾಗಿದೆ," ಎಂದರು ಪಾದ್ರಿಗಳು.

ಡೆಸ್ಮಂಡರು ಸಣ್ಣ ದನಿಯಲ್ಲಿ, "ಅದಕ್ಕೆ ನಾನೇನಾದ್ರೂ ಕಾಗದ ತೋರಿಸ್ಬೇಕಾ?" ಎಂದು ಕೇಳಿದರು.

ಲಿಂಡ್ಸೆ ಮಗುವನ್ನು ತಂದು ಅವರ ತೋಳಿಗಿಟ್ಟಳು. "ಬಾಯಿ ಮುಚ್ಕೊಂಡು ಒಳಗೆ ಬಾ, ಅಪ್ಪ."

ಡೆಸ್ಮಂಡರು ಬಾಯಿ ಮುಚ್ಚಿಕೊಂಡು ಒಳಗೆ ಹೋದರು.